ಲಾನ್ ಮೋವರ್ ಸ್ಟಾರ್ಟ್ ಆಗುತ್ತಿಲ್ಲವೇ? ಕಾರ್ಬುರೇಟರ್ ಬದಲಿಸುವ ಮುನ್ನ ಪ್ಲಗ್ ಬಿಚ್ಚಿ ನೋಡಿ

ಬೇಸಿಗೆಯಿಡೀ ಹೌಸಿಂಗ್ ಸೊಸೈಟಿಯ ಮೂಲೆಯಲ್ಲಿ ಬಿದ್ದಿದ್ದ ಹುಲ್ಲು ಕತ್ತರಿಸುವ ಯಂತ್ರ ಮೊದಲ ಮಳೆ ಬಿದ್ದ ಮೇಲೆ ಹೊರಗೆ ಬರುತ್ತದೆ. ಹಗ್ಗ ಹತ್ತು ಸಲ ಎಳೆದರೂ ಎಂಜಿನ್ ಮಿಸುಕುವುದಿಲ್ಲ. 'ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಬೇಕು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಒಪ್ಪುವ ಮೊದಲು ದೋಷ ಕಿಡಿಯದ್ದೋ ಪೆಟ್ರೋಲಿನದ್ದೋ ಎಂದು ನೀವೇ ಪರೀಕ್ಷಿಸಬಹುದು.

ನಾಲ್ಕೈದು ಸಲ ಹಗ್ಗ ಎಳೆದು ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ತಲುಪುತ್ತಿಲ್ಲ. ಅರ್ಧ ಚಮಚ ಹೊಸ ಪೆಟ್ರೋಲನ್ನು ಪ್ಲಗ್ ರಂಧ್ರಕ್ಕೆ ಹಾಕಿ, ಪ್ಲಗ್ ಬಿಗಿದು ಮತ್ತೆ ಎಳೆಯಿರಿ. ಎರಡು ಮೂರು ಸೆಕೆಂಡ್ ಓಡಿ ನಿಂತರೆ ಕಿಡಿ ಸರಿಯಿದೆ, ತೊಂದರೆ ಕಾರ್ಬುರೇಟರ್ ಕಡೆಯದ್ದು.

ಹಾಗೆಂದು ಅದನ್ನು ಎಸೆಯಬೇಕಿಲ್ಲ. ಬಹುಪಾಲು ತಪ್ಪು ಹಳೆಯ ಪೆಟ್ರೋಲಿನದ್ದು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆವಿಯಾಗುತ್ತಾ ಅಂಟಿನಂಥ ಪದರ ಬಿಡುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಲವು ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಶೇ. 10ರ ಮಿತಿಯಿದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನೀರು ಬೇರ್ಪಟ್ಟು ಕಾರ್ಬುರೇಟರ್‌ನ ಕೆಳಗಿನ ಬಟ್ಟಲಿನ ತಳ ಸೇರುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ ಆ ಬಟ್ಟಲು ಬಿಚ್ಚಿದರೆ ನೀರಹನಿ, ಹಸಿರುಗಟ್ಟಿದ ಕಿಲುಬು ಕಾಣುವುದುಂಟು. ಮೇನ್ ಜೆಟ್‌ನ ರಂಧ್ರ ಬಹಳ ಸಣ್ಣದು. ಕೆಲವು ಎಂಜಿನ್‌ಗಳಲ್ಲಿ ಬಟ್ಟಲು ಹಿಡಿದಿಡುವ ಬೋಲ್ಟೇ ಜೆಟ್! ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ವಿದ್ಯುತ್ ವೈರಿನ ಒಂದೆಳೆ ತಾಮ್ರದಿಂದ ಬಿಡಿಸಿ. ಸೂಜಿ ಬೇಡ, ಹಿತ್ತಾಳೆಯ ರಂಧ್ರ ಅಗಲವಾಗುತ್ತದೆ. ಚೋಕ್ ಎಳೆದಿಟ್ಟರೆ ಮಾತ್ರ ಓಡುವ ಎಂಜಿನ್‌ಗೂ ಇದೇ ಮದ್ದು.

ಪ್ಲಗ್ ಒದ್ದೆಯಾಗಿದ್ದರೆ ಒರೆಸಿ ಒಣಗಿಸಿ. ಚೆಲ್ಲಿದ ಪೆಟ್ರೋಲ್ ಒರೆಸಿ, ಪ್ಲಗ್ ರಂಧ್ರದಿಂದ ದೂರದಲ್ಲಿ ಪ್ಲಗ್‌ನ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದರೆ ನೀಲಿ ಕಿಡಿ ಹಾರಬೇಕು. ಹಾರದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಆಗಲೂ ಇಲ್ಲವೆಂದರೆ ಕಾಯಿಲ್‌ನಿಂದ ಸ್ಟಾಪ್ ಸ್ವಿಚ್‌ಗೆ ಹೋಗುವ ತೆಳು ವೈರ್ ಕಳಚಿ. ಕಿಡಿ ಬಂದರೆ ಕಾಯಿಲ್ ಚೆನ್ನಾಗಿದೆ, ವೈರ್ ಎಲ್ಲೋ ಸುಲಿದು ಲೋಹಕ್ಕೆ ತಾಗುತ್ತಿದೆ. ಪರೀಕ್ಷೆ ಮುಗಿದೊಡನೆ ಮರಳಿ ಜೋಡಿಸಿ, ಇಲ್ಲವಾದರೆ ಎಂಜಿನ್ ನಿಲ್ಲಿಸಲಾಗದು.

ಹತ್ತು ನಿಮಿಷ ಓಡಿ ನಿಲ್ಲುತ್ತದೆಯೇ? ಟ್ಯಾಂಕ್ ಮುಚ್ಚಳ ಸಡಿಲಿಸಿ. ಓಡಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದರ್ಥ.

ಬ್ಲೇಡ್ ಕಲ್ಲಿಗೆ ಬಡಿದ ಮೇಲೆ ಕೆಟ್ಟಿದ್ದರೆ ಕತೆಯೇ ಬೇರೆ. ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೆ ಹಗ್ಗ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ. ಫ್ಲೈವೀಲ್ ಹಿಡಿದಿಡುವ ಸಣ್ಣ ಕೀ ತುಂಡಾಗಿ ಟೈಮಿಂಗ್ ತಪ್ಪಿರುತ್ತದೆ. ಇದನ್ನು ಮೆಕ್ಯಾನಿಕ್‌ಗೇ ಬಿಡಿ. ಬ್ಲೇಡ್ ಮುಟ್ಟುವ ಮುನ್ನವಂತೂ ಪ್ಲಗ್‌ನ ಕ್ಯಾಪ್ ಕಳಚಿರಲೇಬೇಕು.