ಒಣಬೆಟ್ಟದ ಜಿಂಕೆ ಬೇಟೆ: ಕೋವಿಗಿಂತ ನೀರಿನ ಲೆಕ್ಕವೇ ದೊಡ್ಡದು

ಜಿಂಕೆ ಬೇಟೆ ಎಂದರೆ ನಮ್ಮಲ್ಲಿ ಅದು ಅಪರಾಧ ಸುದ್ದಿಯ ಪುಟಕ್ಕೆ ಸೇರಿದ ವಿಷಯ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದ ಮೇಲೆ ಶಿಕಾರಿಯೆಂಬುದು ಹಳೆಯ ಕಥೆಗಳಿಗೂ, ಅರಮನೆಯ ಗೋಡೆಗಳಲ್ಲಿ ಧೂಳು ಹಿಡಿಯುತ್ತಿರುವ ಕೊಂಬುಗಳಿಗೂ ಸೀಮಿತವಾಯಿತು. 1998ರಲ್ಲಿ ಜೋಧಪುರದ ಬಳಿ ನಡೆದ ಕೃಷ್ಣಮೃಗ ಪ್ರಕರಣದಲ್ಲಿ ನಟ ಸಲ್ಮಾನ್ ಖಾನ್ ಅವರಿಗೆ ಕೆಳ ನ್ಯಾಯಾಲಯವು 2018ರಲ್ಲಿ ಐದು ವರ್ಷಗಳ ಶಿಕ್ಷೆ ವಿಧಿಸಿದ್ದು, ಅವರು ಮೇಲ್ಮನವಿ ಸಲ್ಲಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. (ಕೃಷ್ಣಮೃಗ ಪ್ರಾಣಿಶಾಸ್ತ್ರದ ಪ್ರಕಾರ ಜಿಂಕೆಯಲ್ಲ, ಹುಲ್ಲೆಯ ಜಾತಿಗೆ ಸೇರಿದ್ದು. ಈ ವ್ಯತ್ಯಾಸವನ್ನು ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ಮರೆಯುತ್ತವೆ.)

ಅಮೆರಿಕದಲ್ಲಿ ಮಾತ್ರ ಜಿಂಕೆ ಬೇಟೆ ಸರ್ಕಾರವೇ ಅನುಮತಿ ನೀಡಿ, ಎಣಿಸಿ, ಶುಲ್ಕ ಪಡೆದು ನಡೆಸುವ ವ್ಯವಹಾರ. ಪೂರ್ವ ಭಾಗದ ಪೆನ್ಸಿಲ್ವೇನಿಯಾ, ಮಿಷಿಗನ್‌ನಂಥ ರಾಜ್ಯಗಳಲ್ಲಿ ಕಾಡಂಚಿನ ಮರದ ಮೇಲೆ ಅಟ್ಟಣಿಗೆ ಕಟ್ಟಿ ಕುಳಿತು ಜಿಂಕೆ ಹೊಡೆಯಲು ಕಲಿತವರು, ಜೀವನದಲ್ಲಿ ಒಮ್ಮೆಯಾದರೂ ನೈಋತ್ಯದ ಅರಿಜೋನಾ ರಾಜ್ಯದ ಮರುಭೂಮಿ ಬೆಟ್ಟಗಳಲ್ಲಿ ಬೇಟೆಯಾಡಬೇಕೆಂದು ಹಂಬಲಿಸುತ್ತಾರೆ. ಅಲ್ಲಿಗೆ ಹೋದ ಮೇಲೆ ಅವರ ಹಳೆಯ ಪಾಠಗಳು ಬಹುಪಾಲು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಜಿಂಕೆಯನ್ನೂ ಬೇಟೆಗಾರನನ್ನೂ ಆಳುವುದು ನೀರು.

ಆಕಾಶದ್ವೀಪಗಳ ನಾಡು

ಆಗ್ನೇಯ ಅರಿಜೋನಾದ ಬೆಟ್ಟಗಳನ್ನು ಭೂಗೋಳಜ್ಞರು ‘ಆಕಾಶದ್ವೀಪ’ಗಳೆಂದು ಕರೆಯುತ್ತಾರೆ. ಸುತ್ತ ಮರುಭೂಮಿಯ ಸಮುದ್ರ, ನಡುನಡುವೆ ಎದ್ದುನಿಂತ ತಂಪಾದ ಶಿಖರಗಳು. ಸಾಂತಾ ಕಟಲೀನಾ, ಸಾಂತಾ ರೀಟಾ, ಚಿರಿಕಾವಾ ಮುಂತಾದವು ಇವುಗಳಲ್ಲಿ ಪ್ರಮುಖ. ಟೂಸಾನ್ ನಗರ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಅದರ ನೆತ್ತಿಯ ಮೇಲಿರುವ ಲೆಮನ್ ಶಿಖರದ ಎತ್ತರ 9,000 ಅಡಿಗೂ ಹೆಚ್ಚು. ಕೆಳಗೆ ಕಂಬದಂತೆ ನಿಂತ ಬೃಹತ್ ಸವಾರೋ ಕಳ್ಳಿ, ನಡುವೆ ಓಕ್ ಮರಗಳ ಕುರುಚಲು, ಮೇಲೆ ಪೈನ್ ಮತ್ತು ಫರ್ ಮರಗಳ ಕಾಡು. ಒಂದು ತಾಸಿನ ಪ್ರಯಾಣದಲ್ಲಿ ಮೆಕ್ಸಿಕೊದಿಂದ ಕೆನಡಾಕ್ಕೆ ಹೋದಂತಾಗುತ್ತದೆಂದು ಅಲ್ಲಿಯವರು ಹೇಳುವುದುಂಟು.

ಇಲ್ಲಿ ಎರಡು ಬಗೆಯ ಜಿಂಕೆಗಳಿವೆ. ದೊಡ್ಡ ಕಿವಿಯ ಮ್ಯೂಲ್ ಡೀರ್ ಹೆಚ್ಚಾಗಿ ಕೆಳಗಿನ ಒಣ ಬಯಲು ಮತ್ತು ಗುಡ್ಡಗಳ ಪ್ರಾಣಿ. ಓಕ್ ಮರಗಳ ಇಳಿಜಾರಿನಲ್ಲಿರುವುದು ಬಿಳಿಬಾಲದ ಜಿಂಕೆಯ ಚಿಕ್ಕ ಉಪಜಾತಿ. 1860ರ ದಶಕದಲ್ಲಿ ಅರಿಜೋನಾದ ವಿಪಲ್ ಕೋಟೆಯಲ್ಲಿ ಸೇನಾ ವೈದ್ಯನಾಗಿದ್ದ ನಿಸರ್ಗತಜ್ಞ ಎಲಿಯಟ್ ಕೌಸ್ ಅವರ ಹೆಸರನ್ನೇ ಅದಕ್ಕೆ ಇಡಲಾಗಿದೆ. ಆದರೆ ಬೇಟೆಗಾರರ ಬಾಯಲ್ಲಿ ಅದು ‘ಕೂಸ್’ ಆಗಿದೆ. ಕನ್ನಡದ ಕೂಸಿಗೂ ಇದಕ್ಕೂ ಸಂಬಂಧವಿಲ್ಲವಾದರೂ ಹೆಸರು ಒಪ್ಪುವಂತಿದೆ. ಬೆಳೆದ ಗಂಡು ಕೂಡ ಸುಮಾರು 45 ಕಿಲೋಗ್ರಾಂ ಮಾತ್ರ ತೂಗುತ್ತದೆ. ಬೂದು ಬಂಡೆಗಳ ನಡುವೆ ಬೂದು ಮೈಯ ಈ ಪ್ರಾಣಿ ನಿಂತಲ್ಲೇ ಮಾಯವಾಗುವುದರಿಂದ ಅದಕ್ಕೆ ‘ಬೂದು ಭೂತ’ ಎಂಬ ಅಡ್ಡಹೆಸರೂ ಇದೆ.

ಅಲ್ಲಿಯೂ ಮುಂಗಾರಿದೆ ಎಂಬುದು ನಮ್ಮವರಿಗೆ ಅಚ್ಚರಿ ತರಬಹುದು. ಜೂನ್ ಮಧ್ಯದಿಂದ ಸೆಪ್ಟೆಂಬರ್ ಅಂತ್ಯದವರೆಗಿನ ಗುಡುಗು ಮಳೆಯ ಅವಧಿಯನ್ನು ಅರಿಜೋನಾದವರು ‘ಮಾನ್ಸೂನ್’ ಎಂದೇ ಕರೆಯುತ್ತಾರೆ. ಕೂಸ್ ಜಿಂಕೆಯ ಸಂಸಾರವೆಲ್ಲ ಈ ಮಳೆಗೆ ಹೊಂದಿಕೊಂಡಿದೆ. ಮಳೆ ಬಿದ್ದು ಹಸಿರು ಚಿಗುರುವ ಜುಲೈ ಕೊನೆ, ಆಗಸ್ಟ್ ವೇಳೆಗೆ ಮರಿಗಳು ಹುಟ್ಟಬೇಕು. ಆದ್ದರಿಂದ ಬೇರೆಡೆಯ ಬಿಳಿಬಾಲದ ಜಿಂಕೆಗಳು ನವೆಂಬರ್‌ನಲ್ಲಿ ಬೆದೆಗೆ ಬಂದರೆ ಇವು ಡಿಸೆಂಬರ್ ಕೊನೆ, ಜನವರಿಯವರೆಗೆ ಕಾಯುತ್ತವೆ. ಬೆದೆಯ ಕಾಲದಲ್ಲಿ ಗಂಡು ಎಚ್ಚರ ತಪ್ಪಿ ಓಡಾಡುವುದರಿಂದ ಡಿಸೆಂಬರ್ ಬೇಟೆಯ ಪರವಾನಗಿಗೆ ಎಲ್ಲಿಲ್ಲದ ಬೇಡಿಕೆ.

ಲಾಟರಿ ಮತ್ತು ಗಡಿಗಳು

ಕೋವಿ ಹಿಡಿದು ಜಿಂಕೆ ಬೇಟೆಗೆ ಹೊರಡುವವರು ಮೊದಲು ರಾಜ್ಯದ ‘ಗೇಮ್ ಅಂಡ್ ಫಿಶ್’ ಇಲಾಖೆಯ ಲಾಟರಿಯಲ್ಲಿ ಗೆಲ್ಲಬೇಕು. ರಾಜ್ಯವನ್ನು ಬೇಟೆ ಘಟಕಗಳಾಗಿ ವಿಂಗಡಿಸಿ, ಪ್ರತಿ ಘಟಕಕ್ಕೂ ಇಷ್ಟೇ ಚೀಟಿ ಎಂದು ನಿಗದಿ ಮಾಡಲಾಗಿದೆ. ಹೊರರಾಜ್ಯದವರಿಗೆ ಸಿಗುವುದು ಗರಿಷ್ಠ ಶೇಕಡಾ 10 ಮಾತ್ರ. ಸೋತವರಿಗೆ ಸಮಾಧಾನವಾಗಿ ಒಂದು ಅಂಕ ದೊರೆಯುತ್ತದೆ. ಅಂಕ ಕೂಡಿದಂತೆ ಮುಂದಿನ ವರ್ಷದ ಅವಕಾಶ ಹೆಚ್ಚುತ್ತದೆ. ಗೆದ್ದವರಿಗೂ ಒಬ್ಬರಿಗೆ ವರ್ಷಕ್ಕೆ ಒಂದೇ ಜಿಂಕೆ. ಪ್ರಾಸಂಗಿಕವಾಗಿ ಹೇಳುವುದಾದರೆ, ತಾತ್ಕಾಲಿಕ ವೀಸಾದ ಮೇಲೆ ಅಲ್ಲಿ ದುಡಿಯುತ್ತಿರುವ ನಮ್ಮವರು ಬಂದೂಕು ಹೊಂದುವಂತಿಲ್ಲ ಎಂಬುದು ಅಮೆರಿಕ ಒಕ್ಕೂಟದ ಸಾಮಾನ್ಯ ನಿಯಮ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಬೇಟೆ ಪರವಾನಗಿಯೂ ಒಂದು.

ಚೀಟಿ ಸಿಕ್ಕಿತೆಂದು ಕಂಡ ಬೆಟ್ಟವನ್ನೆಲ್ಲ ಹತ್ತುವಂತಿಲ್ಲ. ಅರಿಜೋನಾದ ಕಾಲು ಭಾಗಕ್ಕೂ ಹೆಚ್ಚು ನೆಲ ಮೂಲನಿವಾಸಿ ಬುಡಕಟ್ಟುಗಳದ್ದು. ನವಾಹೊ, ಸಾನ್ ಕಾರ್ಲೋಸ್ ಅಪಾಚೆ ಮುಂತಾದ ಜನಾಂಗಗಳ ಸೀಮೆಯಲ್ಲಿ ರಾಜ್ಯದ ಪರವಾನಗಿ ನಡೆಯುವುದಿಲ್ಲ, ಅವರದ್ದೇ ಅನುಮತಿ ಬೇಕು. ಸವಾರೋ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆಯೇ ಇಲ್ಲ. ಅನುಮತಿಯಿಲ್ಲದೆ, ಜನವಸತಿಯ ಮನೆಯಿಂದ ಕಾಲು ಮೈಲಿಯೊಳಗೆ ಗುಂಡು ಹಾರಿಸುವಂತಿಲ್ಲ. ಇದಾವುದಕ್ಕೂ ಬೆಟ್ಟದ ಮೇಲೆ ಗೆರೆ ಎಳೆದಿರುವುದಿಲ್ಲ. ನಕ್ಷೆ ಓದಲು ಬಾರದ ಪರಸ್ಥಳದವನು ಜಿಂಕೆಯ ಬೆನ್ನುಹತ್ತಿ ತಿಳಿಯದೆಯೇ ಅಪರಾಧಿಯಾಗಬಹುದು.

ಕಣ್ಣಿನ ಬೇಟೆ

ಕಾಡಿನ ಬೇಟೆಗಾರನಿಗೆ ಅಭ್ಯಾಸವಾಗಿರುವುದು ನೂರು ಗಜದೊಳಗಿನ ನೋಟ. ಇಲ್ಲಿ ಕಣಿವೆಯಾಚೆಯ ಇಳಿಜಾರು ಒಂದೆರಡು ಮೈಲಿ ದೂರವಿರುತ್ತದೆ. ಗಾಳಿ ಎಷ್ಟು ಶುಭ್ರವೆಂದರೆ ಹೊಸಬನ ಕಣ್ಣಿಗೆ ಅದು ಕೂಗಳತೆಯಲ್ಲಿದೆ ಎನಿಸುತ್ತದೆ. ನಡೆಯಲು ಹೊರಟರೆ ನಡುವೆ ಮೂರು ಕಮರಿಗಳು ಎದುರಾಗುತ್ತವೆ. ಅಲ್ಲಿಯ ಅನುಭವಿಗಳು ನಡೆಯುವುದಕ್ಕಿಂತ ಕೂರುವುದೇ ಹೆಚ್ಚು. ಬೆಳಕು ಹರಿಯುವ ಮುನ್ನವೇ ಎತ್ತರದ ಜಾಗ ಹಿಡಿದು, ಸೂರ್ಯನಿಗೆ ಬೆನ್ನು ಮಾಡಿ, 15 ಪಟ್ಟು ಹಿಗ್ಗಿಸಿ ತೋರಿಸುವ ಬೈನಾಕ್ಯುಲರನ್ನು ಮುಕ್ಕಾಲಿಗೆ ಬಿಗಿದು, ಎದುರಿನ ಬೆಟ್ಟವನ್ನು ಚೌಕಚೌಕವಾಗಿ ಗಂಟೆಗಟ್ಟಲೆ ಶೋಧಿಸುತ್ತಾರೆ. ಹುಡುಕುವುದು ಇಡೀ ಜಿಂಕೆಯನ್ನಲ್ಲ. ಅಲುಗಿದ ಕಿವಿ, ಪೊದೆಯ ನಡುವೆ ಅಡ್ಡಗೆರೆಯಂತೆ ಕಾಣುವ ಬೆನ್ನು, ಮಿಂಚಿದ ಕೊಂಬಿನ ತುದಿ ಇಷ್ಟೇ.

ಬಿಸಿಲೇರಿದಂತೆ ಜಿಂಕೆಗಳು ನೆರಳಿನಲ್ಲಿ ಮಲಗುತ್ತವೆ. ಆದರೆ ನೆರಳು ನಿಲ್ಲುವುದಿಲ್ಲವಲ್ಲ. ಅದು ಸರಿದಾಗ ಜಿಂಕೆಯೂ ಎದ್ದು ನಾಲ್ಕು ಹೆಜ್ಜೆ ಸರಿಯಬೇಕು. ಮಧ್ಯಾಹ್ನ ಬೇಸತ್ತು ಬಿಡಾರಕ್ಕೆ ಮರಳುವ ಹೊಸಬ ಕಳೆದುಕೊಳ್ಳುವುದು ಆ ಒಂದು ನಿಮಿಷವನ್ನು. 1930ರ ದಶಕದಿಂದ ಹಲವು ವರ್ಷ ಟೂಸಾನ್‌ನಲ್ಲಿದ್ದು ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿದ ಜಾಕ್ ಒಕಾನರ್ ಈ ಪುಟ್ಟ ಜಿಂಕೆಯ ಕುರಿತು ಬರೆದೇ ಅದನ್ನು ಅಮೆರಿಕದ ಬೇಟೆಗಾರರಿಗೆಲ್ಲ ಪರಿಚಯಿಸಿದರು. ಪತ್ರಿಕೋದ್ಯಮದ ಮೇಷ್ಟ್ರೊಬ್ಬರು ಶಿಕಾರಿ ಬರಹಗಾರರಾಗಿ ಪ್ರಸಿದ್ಧರಾದದ್ದು ನಮ್ಮ ವೃತ್ತಿಯವರಿಗೆ ಕುತೂಹಲದ ಸಂಗತಿ.

ನೀರಿನ ಬಳಿ ಯಾರು ಕಾಯಬೇಕು?

ಒಣನಾಡಿನಲ್ಲಿ ಜಿಂಕೆ ಹುಡುಕಲು ಸುಲಭದ ದಾರಿ ನೀರಿರುವಲ್ಲಿ ಕಾಯುವುದು. ಸುಲಭವಾದ್ದರಿಂದಲೇ ಅದು ವಿವಾದದ ದಾರಿಯೂ ಹೌದು. ನೀರಿನ ಸೆಲೆಗಳು ಸಾಲದೆ ಅಲ್ಲಿಯ ಇಲಾಖೆ 1940ರ ದಶಕದಿಂದಲೂ ಮಳೆನೀರು ಹಿಡಿದಿಡುವ ತೊಟ್ಟಿಗಳನ್ನು ಬೆಟ್ಟಗಳಲ್ಲಿ ನಿರ್ಮಿಸುತ್ತ ಬಂದಿದೆ. ಬರಗಾಲದಲ್ಲಿ ಟ್ಯಾಂಕರ್‌ಗಳಲ್ಲಿ ನೀರು ಸಾಗಿಸಿ ಅವುಗಳನ್ನು ತುಂಬಿಸಲಾಗುತ್ತದೆ. ಬಂಡೀಪುರದ ಕೆರೆಗಳಿಗೆ ಬೇಸಗೆಯಲ್ಲಿ ನೀರು ಹಾಯಿಸುವುದನ್ನು ಕಂಡ ನಮಗೆ ಇದು ಹೊಸತಲ್ಲ.

ಪ್ರಾಣಿಗಳಿಗೆ ಇರುವುದು ಅದೊಂದೇ ನೀರು ಎಂದಾದರೆ ಅದರಿಂದ ಕಾಲು ಮೈಲಿಯೊಳಗೆ ಬಿಡಾರ ಹೂಡುವುದನ್ನು ಅರಿಜೋನಾದ ಕಾನೂನು ನಿಷೇಧಿಸಿದೆ. ಮನುಷ್ಯನ ವಾಸನೆಯಿದ್ದರೆ ಬಾಯಾರಿದ ಪ್ರಾಣಿ ದೂರದಲ್ಲೇ ನಿಂತುಬಿಡುತ್ತದೆ. ನೀರಿನ ಬಳಿ ಹೊಂಚುಹಾಕಿ ಕೂರುವುದಕ್ಕೆ ಮಾತ್ರ ಒಟ್ಟಾರೆ ನಿಷೇಧವಿಲ್ಲ. ಈ ಸಡಿಲದಲ್ಲೇ ಸ್ವಯಂಚಾಲಿತ ಕ್ಯಾಮೆರಾಗಳು ನುಸುಳಿದವು. ಒಂದೇ ತೊಟ್ಟಿಯ ಸುತ್ತ ಹತ್ತಾರು ಕ್ಯಾಮೆರಾಗಳು, ಅವುಗಳನ್ನು ನೋಡಿಕೊಳ್ಳಲು ದಿನವೂ ಬಂದುಹೋಗುವ ಜನ, ಅವರವರಲ್ಲೇ ಜಗಳ, ದನಗಾಹಿಗಳ ದೂರು. ಕೊನೆಗೆ 2021ರ ಜೂನ್‌ನಲ್ಲಿ ರಾಜ್ಯದ ವನ್ಯಜೀವಿ ಆಯೋಗ ಬೇಟೆಯ ಉದ್ದೇಶಕ್ಕೆ ಇಂಥ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿತು. 2022ರ ಜನವರಿ 1ರಿಂದ ನಿಯಮ ಜಾರಿಗೆ ಬಂತು. ಬೇಟೆಗಾರರಲ್ಲೇ ಎರಡು ಪಂಗಡಗಳಾದವು. ದೂರದಿಂದ ಬರುವವರಿಗೆ, ಕಡಿಮೆ ರಜೆಯವರಿಗೆ ಅನ್ಯಾಯವಾಯಿತೆಂಬುದು ಒಂದು ವಾದ. ಮರುಭೂಮಿಯಲ್ಲಿ ನೀರಿಗೆ ಬರದೆ ಬೇರೆ ದಾರಿಯಿಲ್ಲದ ಪ್ರಾಣಿಯ ಮೇಲೆ ಯಂತ್ರದ ಕಾವಲು ಹಾಕುವುದು ಬೇಟೆಯೇ ಅಲ್ಲ ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಸರಿಯೆಂದು ತೋರುತ್ತದೆ.

ಜಿಂಕೆ ಕೊಲ್ಲಲು ಅನುಮತಿ ಏಕೆ ಬೇಕೆಂಬ ಪ್ರಶ್ನೆಗೆ ಅರಿಜೋನಾದವರು ಕೈಬಾಬ್ ಪ್ರಸ್ಥಭೂಮಿಯನ್ನು ತೋರಿಸುತ್ತಾರೆ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರದ ಈ ಪ್ರದೇಶವನ್ನು ರಕ್ಷಿತ ತಾಣವಾಗಿ ಘೋಷಿಸಿದರು. ಜಿಂಕೆ ಬೇಟೆ ನಿಂತಿತು. ಪೂಮಾ, ತೋಳ, ಕೊಯೊಟೆಗಳನ್ನು ಸರ್ಕಾರವೇ ಕೊಲ್ಲಿಸಿತು. ಜಿಂಕೆಗಳು ಹೆಚ್ಚಿ, ಮೇವು ಮುಗಿದು, 1924ರ ನಂತರದ ಚಳಿಗಾಲಗಳಲ್ಲಿ ಸಾವಿರಾರು ಸತ್ತವು. ಆ ವರ್ಷ ಜಿಂಕೆಗಳನ್ನು ಕಮರಿಯೊಳಗಿಳಿಸಿ ಕೊಲರಾಡೊ ನದಿ ದಾಟಿಸುವ ಪ್ರಯತ್ನವೊಂದು ನಡೆಯಿತು. ಕಾದಂಬರಿಕಾರ ಝೇನ್ ಗ್ರೇ ಕೂಡ ಅಲ್ಲಿದ್ದರು. ಹಿಮ ಬಿತ್ತು, ಜಿಂಕೆಗಳು ಅಟ್ಟುವವರ ನಡುವೆಯೇ ನುಸುಳಿ ಹಿಂದಕ್ಕೋಡಿದವು, ಒಂದೂ ದಾಟಲಿಲ್ಲ. ಮುಂದೆ ಕೇಂದ್ರದ ಅರಣ್ಯ ಇಲಾಖೆ ಜಿಂಕೆ ಕೊಲ್ಲಿಸಲು ಹೊರಟಾಗ ರಾಜ್ಯ ಸರ್ಕಾರ ಅಡ್ಡಿಪಡಿಸಿ, ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1928ರಲ್ಲಿ ತೀರ್ಪು ಕೇಂದ್ರದ ಪರವಾಗಿ ಬಂತು. ಪಠ್ಯಪುಸ್ತಕಗಳು ಇದನ್ನು ಬರೀ ಪೂಮಾಗಳು ಇಲ್ಲವಾದ ಕಥೆಯಾಗಿ ಹೇಳಿದ್ದುಂಟು. ಆಗಿನ ಜಿಂಕೆ ಎಣಿಕೆ 30,000ದಿಂದ 1 ಲಕ್ಷದವರೆಗೆ ಬಾಯಿಗೊಂದರಂತೆ ಇದ್ದುದರಿಂದ, ದನಕುರಿಗಳ ಮೇಯಿಸುವಿಕೆಯೂ ಕಾರಣಗಳಲ್ಲಿ ಸೇರಿದ್ದರಿಂದ ನಂತರದ ವಿಜ್ಞಾನಿಗಳು ಆ ಸರಳ ಕಥೆಯನ್ನು ಒಪ್ಪಿಲ್ಲ.

ಗುಂಡು ಹಾರಿದ ಮೇಲೆ

ನಿಜವಾದ ಕಷ್ಟ ಜಿಂಕೆ ಬಿದ್ದ ನಂತರ ಶುರುವಾಗುತ್ತದೆ. ತಿನ್ನಬಹುದಾದ ಮಾಂಸವನ್ನು ಬೆಟ್ಟದಲ್ಲೇ ಬಿಟ್ಟು ಕೊಳೆಯಗೊಡುವುದು ಅಲ್ಲಿ ಅಪರಾಧ, ಮಾರುವುದೂ ನಿಷಿದ್ಧ. ಅಕ್ಟೋಬರ್‌ನಲ್ಲೂ ಕೆಳಗಿನ ಸೀಮೆಯಲ್ಲಿ ಹಗಲಿನ ತಾಪ 30 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಚರ್ಮ ಬೇಗ ಸುಲಿದು, ತುಂಡುಗಳನ್ನು ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ನೆರಳಿಗೆ ತೂಗಿಹಾಕದಿದ್ದರೆ ಮಾಂಸ ಕೆಡುತ್ತದೆ. ಒಬ್ಬನಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಎಂದರೆ 3.8 ಲೀಟರ್ ನೀರು ಬೇಕೆಂಬುದು ಅಲ್ಲಿಯ ರೂಢಿಯ ಲೆಕ್ಕ. ಮೂರು ದಿನಕ್ಕೆ ಹನ್ನೊಂದು ಕಿಲೋಗ್ರಾಂಗೂ ಹೆಚ್ಚು ಭಾರ. ಆ ನೀರು ಖಾಲಿಯಾಗುವ ಹೊತ್ತಿಗೆ ಬೆನ್ನಿಗೆ ಮಾಂಸದ ಹೊರೆ ಏರುತ್ತದೆ. ಹೊಸಬರು ಹೋಗುವಾಗಿನ ನೀರನ್ನಷ್ಟೇ ಎಣಿಸಿ ಎಡವುವುದು ಇಲ್ಲೇ.

ಇಳಿಯುವ ದಾರಿಯೂ ಸುಲಭವಲ್ಲ. ತಾಗಿದರೆ ಸಾಕು, ತುಂಡೇ ಕಿತ್ತುಬಂದು ಅಂಟಿಕೊಳ್ಳುವ ಚೋಯಾ ಕಳ್ಳಿಗೆ ಬೇಟೆಗಾರರು ಜೇಬಿನಲ್ಲೊಂದು ಬಾಚಣಿಗೆ ಇಟ್ಟುಕೊಂಡಿರುತ್ತಾರೆ. ಬೆಚ್ಚನೆಯ ದಿನಗಳಲ್ಲಿ ಬುಡುಬುಡಿಕೆ ಹಾವು. ಕತ್ತಲಾದ ಮೇಲೆ, ಕೈಬಿಟ್ಟುಹೋದ ಹಳೆಯ ಗಣಿಗಳ ತೆರೆದ ಬಾಯಿ. ಮೊಬೈಲ್ ಸಂಕೇತ ಕಣಿವೆಯೊಳಗೆ ಸಿಗದು. ದಾರಿ ತಪ್ಪಿದವರನ್ನು ಹುಡುಕುವ ಹೊಣೆ ಆಯಾ ಕೌಂಟಿಯ ಶೆರಿಫ್‌ನದು. ಆದರೆ ಯಾರೋ ಕಾಣೆಯಾಗಿದ್ದಾರೆಂದು ಶೆರಿಫ್‌ಗೆ ಮೊದಲು ತಿಳಿಯಬೇಕಲ್ಲ! ಅದಕ್ಕಾಗಿಯೇ ಅನುಭವಿಗಳು ಯಾವ ಕಮರಿ, ಯಾವ ರಸ್ತೆ, ಎಂದು ಎಷ್ಟು ಗಂಟೆಗೆ ವಾಪಸು ಎಂಬುದನ್ನು ಬರೆದು ಒಂದು ಪ್ರತಿಯನ್ನು ಮನೆಯಲ್ಲಿಟ್ಟು, ಹೆಚ್ಚುವರಿ ನೀರಿನ ಕ್ಯಾನುಗಳನ್ನು ವಾಹನದಲ್ಲೇ ಬಿಟ್ಟು ಬೆಟ್ಟ ಹತ್ತುತ್ತಾರೆ.