ಶನಿವಾರದ ಎಸೆತ, ಭಾನುವಾರದ ಎಸೆತ

2003ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಕೈಲ್ ಬೋಲರ್ ಎಂಬ ಹುಡುಗ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ತಂಡಗಳ ಪರೀಕ್ಷಕರೆದುರು ಮೈದಾನದ ನಡುವೆ ಮಂಡಿಯೂರಿ ಕೂತ. ಕೂತಲ್ಲಿಂದಲೇ ದೂರದ ಗೋಲುಕಂಬಗಳ ನಡುವೆ ಚೆಂಡು ತೂರಿದ. ನೋಡಿದವರು ಬೆರಗಾದರು. ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಸಭೆಯಲ್ಲಿ, ಬಾಲ್ಟಿಮೋರ್ ರೇವನ್ಸ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ, 19ನೆಯವನಾಗಿ ಆರಿಸಿಕೊಂಡಿತು. ಅಲ್ಲಿ ಅವನ ಆಟ ಕುದುರಲಿಲ್ಲ. ಈಗ ಯೋಚಿಸಿದರೆ ಆ ಮಂಡಿ ಎಸೆತವೇ ಒಂದು ತಮಾಷೆ ಅನ್ನಿಸುತ್ತದೆ. ತೋಳಿನ ಕಸುವನ್ನು ಅದು ತೋರಿಸಿತು, ನಿಜ. ಆದರೆ ನಿಜವಾಗಿ ಪರೀಕ್ಷೆಯಾಗಬೇಕಿದ್ದ ಕಾಲುಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ನೋಡುವವರು ಕಡಿಮೆ. ಹೆಸರಲ್ಲಿ ಫುಟ್ ಇದ್ದರೂ ಬಹುಪಾಲು ಕೈಯಲ್ಲೇ ಆಡುವ ಆಟ. ಒಂದೊಂದು ಕಡೆ 11 ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ. ಹೋಗದಿದ್ದರೆ ಚೆಂಡು ಎದುರಾಳಿಯದು. ಬಹುತೇಕ ಪ್ರತಿ ಯತ್ನದಲ್ಲೂ ಮೊದಲು ಚೆಂಡು ಸೇರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಓಡುವವನಿಗೆ ಕೊಡಬಹುದು, ತಾನೇ ಓಡಬಹುದು, ಇಲ್ಲವೇ ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯಬಹುದು. ಮುಂದಕ್ಕೆ ಎಸೆಯುವ ಈ ಅವಕಾಶ ಆಟದಲ್ಲಿ ಮೊದಲಿನಿಂದ ಇದ್ದದ್ದಲ್ಲ. ಗುಂಪುಗಟ್ಟಿ ನುಗ್ಗುವ ಆಟದಲ್ಲಿ ಹುಡುಗರು ಸಾಯತೊಡಗಿದಾಗ, 1905ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರೇ ಕಾಲೇಜುಗಳವರನ್ನು ಕರೆದು ಮಾತಾಡಿಸಬೇಕಾಯಿತು. ಮರುವರ್ಷ ನಿಯಮ ಬದಲಾಯಿತು. 1906ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ನಿಯಮಬದ್ಧವಾದ ಮೊದಲ ಮುನ್ನೆಸೆತ ಎಸೆದ. ಅದು ಯಾರ ಕೈಗೂ ಸಿಗಲಿಲ್ಲ ಎನ್ನುವುದು ಬೇರೆ ಮಾತು.

ಎಸೆತ ಹುಟ್ಟುವುದು ಹೇಗೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು. ಚೆಂಡು ಎರಡೂ ತುದಿ ಚೂಪಾದ, 400 ಗ್ರಾಮಿಗಿಂತ ತುಸು ಹೆಚ್ಚು ತೂಗುವ ತೊಗಲಿನ ಉಂಡೆ. ಬೆರಳುಗಳು ಅದರ ಹೊಲಿಗೆಯ ಮೇಲೆ ಕೂರುತ್ತವೆ. ಕೈಯಿಂದ ಕೊನೆಗೆ ಬಿಡುವುದು ತೋರುಬೆರಳು. ಆ ಕೊನೆಯ ಸೋಕಿನಲ್ಲಿ ಚೆಂಡಿಗೆ ಸುತ್ತು ಸಿಗುತ್ತದೆ. ಒಳ್ಳೆಯ ಎಸೆತ ನಿಮಿಷಕ್ಕೆ ಸುಮಾರು 600 ಸುತ್ತಿನ ವೇಗದಲ್ಲಿ ತಿರುಗುತ್ತಾ, ಮೂಗು ನೇರ ಮಾಡಿಕೊಂಡು ಗಾಳಿ ಸೀಳುತ್ತದೆ. ಸುತ್ತು ಕಡಿಮೆಯಾದರೆ ಚೆಂಡು ತೂರಾಡುತ್ತದೆ, ಹಿಡಿಯುವವನಿಗೂ ಕಷ್ಟ.

ಆದರೆ ಬೆರಳು ಕೊನೆಯ ಕೊಂಡಿ ಮಾತ್ರ. ಬಲಗೈಯವನಾದರೆ ಬಲಗಾಲು ನೆಲ ಒತ್ತುತ್ತದೆ, ಎಡಗಾಲು ಗುರಿಯ ಕಡೆ ಚಿಕ್ಕ ಹೆಜ್ಜೆ ಇಡುತ್ತದೆ, ಸೊಂಟ ತಿರುಗುತ್ತದೆ, ಸೊಂಟದ ಹಿಂದೆ ಭುಜ, ಭುಜದ ಹಿಂದೆ ಮೊಣಕೈ, ಆಮೇಲೆ ಮಣಿಕಟ್ಟು. ಸೊಂಟ ಹೊರಟ ಮೇಲೂ ಭುಜ ಒಂದು ಕ್ಷಣ ಹಿಂದೆ ಉಳಿಯಬೇಕು. ಆ ಎಳೆತದಲ್ಲೇ ಬಲ ಇರುವುದು. ನಮ್ಮ ವೇಗದ ಬೌಲರನ ಕಥೆಯೂ ಬಹುಪಾಲು ಇದೇ. ಒಂದೇ ವ್ಯತ್ಯಾಸ, ಬೌಲರನ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ತಪ್ಪು, ಕ್ವಾರ್ಟರ್‌ಬ್ಯಾಕ್‌ಗೆ ಮೊಣಕೈ ಮಡಿಸಿ ಬಿಡಿಸುವುದೇ ಕಸುಬು. ಜೊತೆಗೆ ಬೌಲರನಿಗೆ ಓಡಿಬರಲು ಬೇಕಾದಷ್ಟು ಜಾಗವಿದೆ, ಅವನ ಮೇಲೆ ಯಾರೂ ಎಗರಿ ಬೀಳುವುದಿಲ್ಲ. ಇಲ್ಲಿ ನೂರು ಕಿಲೋ ಮೀರಿದ ನಾಲ್ಕೈದು ಜನ ಮೇಲೆ ಬೀಳಲು ಬರುತ್ತಿರುತ್ತಾರೆ, ಸಿಗುವ ಸಮಯ ಎರಡೂವರೆ ಸೆಕೆಂಡ್ ಆಸುಪಾಸು.

ಅದಕ್ಕೇ ಕೋಚ್‌ಗಳು ಕಾಲಿನಿಂದ ಪಾಠ ಶುರು ಮಾಡುತ್ತಾರೆ. ಮೂರು ಹೆಜ್ಜೆ ಹಿಂದೆ, ಐದು ಹೆಜ್ಜೆ ಹಿಂದೆ, ಏಳು ಹೆಜ್ಜೆ ಹಿಂದೆ ಎಂದು ಲೆಕ್ಕ. ಮುಂದೆ ಓಡುವವನ ದಾರಿಗೂ ಈ ಹೆಜ್ಜೆಗಳಿಗೂ ತಾಳ ಕೂಡಿರುತ್ತದೆ. ಐದನೆಯ ಹೆಜ್ಜೆಯಲ್ಲಿ ಹಿಂಗಾಲು ಊರಿದಾಗ ಓಟಗಾರ ತಿರುಗುವ ಹೊತ್ತಾಗಿರಬೇಕು, ಅವನು ತಿರುಗುವ ಮುಂಚೆಯೇ ಚೆಂಡು ಕೈ ಬಿಟ್ಟಿರಬೇಕು. ಕಾಲು ತಡವರಿಸಿದರೆ ಕಣ್ಣು ತಡವರಿಸುತ್ತದೆ, ಆಮೇಲೆ ತೋಳು ಎಷ್ಟು ಬಲವಾಗಿದ್ದರೂ ಪ್ರಯೋಜನವಿಲ್ಲ.

ಈ ವಿದ್ಯೆಯನ್ನು ಕಾಲೇಜು ಮಟ್ಟದಲ್ಲಿ ಕಲಿಸಿ ಹೆಸರಾದವರಲ್ಲಿ ಜೆಫ್ ಟೆಡ್‌ಫೋರ್ಡ್ ಒಬ್ಬರು. 2002ರಿಂದ 2012ರವರೆಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಅವರ ಕೈಯಲ್ಲಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡಿಗರು ಮಕ್ಕಳಿಗೆ ಸೀಟು ಸಿಗಲಿ ಎಂದು ಹಂಬಲಿಸುವ ಅದೇ ಬರ್ಕ್ಲಿ. 2001ರಲ್ಲಿ 11 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿದ್ದ ತಂಡ ಟೆಡ್‌ಫೋರ್ಡ್ ಬಂದ ಮೊದಲ ವರ್ಷವೇ ಏಳು ಗೆದ್ದಿತು. ಅದುವರೆಗೆ ಅರ್ಧದಷ್ಟು ಎಸೆತಗಳನ್ನೂ ಗುರಿ ಮುಟ್ಟಿಸಲಾಗದಿದ್ದ ಬೋಲರ್ ಆ ಒಂದು ವರ್ಷದಲ್ಲಿ 28 ಟಚ್‌ಡೌನ್ ಎಸೆತ, ಅಂದರೆ ಗೋಲಿನ ಗೆರೆ ದಾಟಿಸಿ ಅಂಕ ತರುವ ಎಸೆತ, ಎಸೆದ.

ಟೆಡ್‌ಫೋರ್ಡ್ ಶಿಷ್ಯರನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಚೆಂಡನ್ನು ಎದೆಯ ಬಳಿ ಹಿಡಿಯುವ ಬದಲು ಕಿವಿಯ ಎತ್ತರಕ್ಕೆ ಏರಿಸಿ ಹಿಡಿಯುತ್ತಿದ್ದರು. ಲೆಕ್ಕ ಸರಳ: ಚೆಂಡು ಮೇಲೇ ಇದ್ದರೆ ಕೈ ಕೆಳಗಿಳಿದು ಮೇಲೇರುವ ಸುತ್ತು ತಪ್ಪುತ್ತದೆ, ಬೇಗ ಬಿಡಬಹುದು. ಹೆಜ್ಜೆಗಳೂ ಅಳತೆಗೆ ಕೂಡಿರುತ್ತಿದ್ದವು. ವೃತ್ತಿಪರ ತಂಡಗಳ ಆಟವನ್ನೇ ಹೋಲುವ ಪದ್ಧತಿಯಲ್ಲಿ ಆಡಿಸುತ್ತಿದ್ದುದರಿಂದ ಆ ಹುಡುಗರು ಪರೀಕ್ಷಕರ ಕಣ್ಣಿಗೆ ಸಿದ್ಧ ಸರಕಿನಂತೆ ಕಾಣುತ್ತಿದ್ದರು. ಫ್ರೆಸ್ನೊ ಸ್ಟೇಟ್, ಆರೆಗನ್, ಬರ್ಕ್ಲಿ ಈ ಮೂರು ಕಡೆ ಅವರು ಕಲಿಸಿದ ಆರು ಮಂದಿ ಮೊದಲ ಸುತ್ತಿನಲ್ಲಿ ಆಯ್ಕೆಯಾದರು: ಟ್ರೆಂಟ್ ಡಿಲ್ಫರ್, ಅಕಿಲಿ ಸ್ಮಿತ್, ಡೇವಿಡ್ ಕಾರ್, ಜೋಯಿ ಹ್ಯಾರಿಂಗ್ಟನ್, ಬೋಲರ್, ಕೊನೆಗೆ ಆರನ್ ರಾಜರ್ಸ್. ಕಾರ್ 2002ರಲ್ಲಿ ಇಡೀ ದೇಶಕ್ಕೇ ಮೊದಲಿಗ.

ಕಾಲೇಜು ಪಂದ್ಯಗಳು ಹೆಚ್ಚಾಗಿ ಶನಿವಾರ, ವೃತ್ತಿಪರ ಪಂದ್ಯಗಳು ಹೆಚ್ಚಾಗಿ ಭಾನುವಾರ. ಶನಿವಾರ ಮಿಂಚಿದ ಈ ಹುಡುಗರಲ್ಲಿ ಹಲವರು ಭಾನುವಾರ ಮಂಕಾದರು. ಸ್ಮಿತ್ ಸಿನ್ಸಿನಾಟಿಯಲ್ಲಿ ಆರಂಭಿಸಿದ 17 ಪಂದ್ಯಗಳಲ್ಲಿ ತಂಡ ಗೆದ್ದದ್ದು ಮೂರೇ. ಹ್ಯಾರಿಂಗ್ಟನ್ ಡೆಟ್ರಾಯಿಟ್‌ನಲ್ಲಿ ಸೊರಗಿದ. ಕಾರ್ ಸೇರಿದ್ದು ಆ ವರ್ಷವೇ ಆಟ ಶುರು ಮಾಡಿದ ಹೂಸ್ಟನ್ ಟೆಕ್ಸನ್ಸ್. ಅವನಿಗೆ ರಕ್ಷಣೆ ಎಂಬುದೇ ಇರಲಿಲ್ಲ, ಮೊದಲ ವರ್ಷ 76 ಬಾರಿ ಅವನನ್ನು ಚೆಂಡಿನ ಸಮೇತ ನೆಲಕ್ಕೆ ಕೆಡವಿದರು. ಅಷ್ಟು ಸಲ ಬಿದ್ದವನಿಗೆ ಹೆಜ್ಜೆಯ ಲೆಕ್ಕ ಹೇಳಿ ಏನು ಫಲ? ಡಿಲ್ಫರ್ ಮಾತ್ರ 2001ರ ಜನವರಿಯಲ್ಲಿ ಬಾಲ್ಟಿಮೋರ್ ಜೊತೆ ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ, ಅದರಲ್ಲೂ ಹೆಚ್ಚಿನ ಶ್ರೇಯ ರಕ್ಷಣಾ ಪಡೆಗೇ ಹೋಯಿತು. ಒಬ್ಬೊಬ್ಬರ ಸೋಲಿಗೂ ಬೇರೆ ಬೇರೆ ಕಾರಣಗಳಿದ್ದವು. ಆದರೂ ಸ್ಕೌಟ್‌ಗಳು, ಅಂದರೆ ತಂಡಗಳ ಪರೀಕ್ಷಕರು, ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಬರೆದುಕೊಂಡರು: ಟೆಡ್‌ಫೋರ್ಡ್ ತಿದ್ದಿದ ಹುಡುಗರಲ್ಲಿ ಕಾಣುವುದು ಗುರುವಿನ ತಿದ್ದುಗೆ, ಹುಡುಗನ ಸ್ವಂತ ಸತ್ವವಲ್ಲ ಎಂದು.

ಈ ಅನುಮಾನದ ಬೆಲೆ ತೆತ್ತವನು ರಾಜರ್ಸ್. ಚೀಕೊ ಎಂಬ ಊರಿನ ಈ ಹುಡುಗನಿಗೆ ಶಾಲೆ ಮುಗಿಸಿದಾಗ ಯಾವ ದೊಡ್ಡ ಕಾಲೇಜೂ ವಿದ್ಯಾರ್ಥಿವೇತನ ಕೊಟ್ಟು ಕರೆದಿರಲಿಲ್ಲ. ಹತ್ತಿರದ ಬ್ಯುಟ್ ಕಾಲೇಜು ಎಂಬ ಸಮುದಾಯ ಕಾಲೇಜು ಸೇರಿದ. ಟೆಡ್‌ಫೋರ್ಡ್ ಅಲ್ಲಿಗೆ ಹೋದದ್ದು ಬೇರೊಬ್ಬ ಆಟಗಾರನನ್ನು ನೋಡಲು. ಅವನಿಗೆ ಚೆಂಡು ಎಸೆಯುತ್ತಿದ್ದವನ ಮೇಲೆ ಕಣ್ಣು ಬಿತ್ತು. 2004ರ ಅಕ್ಟೋಬರ್‌ನಲ್ಲಿ, ಆಗ ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎದುರು ರಾಜರ್ಸ್ ಸತತ 23 ಎಸೆತಗಳನ್ನು ಗುರಿ ಮುಟ್ಟಿಸಿ ಕಾಲೇಜು ದಾಖಲೆ ಸರಿಗಟ್ಟಿದ. ಕೊನೆಗೆ ಗೋಲಿನ ಗೆರೆಗೆ ಒಂಬತ್ತು ಗಜ ದೂರ ತಲುಪಿಯೂ ದಾಟಲಾಗದೆ ತಂಡ 23–17ರಿಂದ ಸೋತಿತು.

2005ರ ಏಪ್ರಿಲ್ 23ರಂದು ನ್ಯೂಯಾರ್ಕಿನಲ್ಲಿ ಡ್ರಾಫ್ಟ್. ಬಾಲ್ಯದಿಂದ ತಾನು ಅಭಿಮಾನಿಯಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊ ತಂಡ ಮೊದಲ ಆಯ್ಕೆಯಲ್ಲೇ ತನ್ನನ್ನು ಕರೆಯಬಹುದು ಎಂದು ರಾಜರ್ಸ್ ಕಾದಿದ್ದ. ಆ ತಂಡ ಯೂಟಾ ವಿಶ್ವವಿದ್ಯಾಲಯದ ಅಲೆಕ್ಸ್ ಸ್ಮಿತ್‌ನನ್ನು ಕರೆಯಿತು. ಆಮೇಲೆ ಉಳಿದವರು ಒಬ್ಬೊಬ್ಬರೇ ಎದ್ದು ಹೋದರು, ಕ್ಯಾಮೆರಾಗಳ ಮುಂದೆ ಗಂಟೆಗಟ್ಟಲೆ ಕೂತ ರಾಜರ್ಸ್ 24ನೆಯವನಾಗಿ ಗ್ರೀನ್ ಬೇ ಪ್ಯಾಕರ್ಸ್ ಪಾಲಾದ. ಅಲ್ಲಿ ಬ್ರೆಟ್ ಫಾರ್ವ್ ಎಂಬ ದಿಗ್ಗಜ ಇನ್ನೂ ಆಡುತ್ತಿದ್ದ. ಮೂರು ವರ್ಷ ಬೆಂಚೇ ಗತಿಯಾಯಿತು.

ಆ ಮೂರು ವರ್ಷ ಅವನ ಅದೃಷ್ಟ ಎಂದೇ ನಾನು ಹೇಳುತ್ತೇನೆ. 2006ರಲ್ಲಿ ಗ್ರೀನ್ ಬೇ ತಂಡದ ಮುಖ್ಯ ಕೋಚ್ ಆಗಿ ಬಂದ ಮೈಕ್ ಮೆಕಾರ್ಥಿ ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಒಂದು ಪಾಠಶಾಲೆಯನ್ನೇ ನಡೆಸುತ್ತಿದ್ದರು. ಕಿವಿಯ ಬಳಿ ಇದ್ದ ಚೆಂಡನ್ನು ಮೆಲ್ಲಗೆ ಕೆಳಗಿಳಿಸಿದರು. ಎತ್ತರದಲ್ಲಿ ಹಿಡಿದಾಗ ಭುಜ ಬಿಗಿಯುತ್ತದೆ, ಮೈಯ ಲಯ ಕಟ್ಟಿಹಾಕಿದಂತಾಗುತ್ತದೆ ಎಂಬುದು ಅವರ ಎಣಿಕೆ. ಹೆಜ್ಜೆಗಳನ್ನೂ ಸಡಿಲಗೊಳಿಸಿದರು. ಪಂದ್ಯ ಆಡಬೇಕಾದ ಒತ್ತಡವಿಲ್ಲದಿದ್ದುದರಿಂದ ಹೊಸ ಚಲನೆ ಮೈಗೂಡಲು ಪುರಸೊತ್ತು ಸಿಕ್ಕಿತು. 2008ರಲ್ಲಿ ಮುಖ್ಯ ಆಟಗಾರನಾದ ರಾಜರ್ಸ್ 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ. ನಾಲ್ಕು ಬಾರಿ ಲೀಗಿನ ಶ್ರೇಷ್ಠ ಆಟಗಾರನಾದ. ಎರಡೂ ಕಾಲು ನೆಲ ಬಿಟ್ಟಿರುವಾಗ, ಹಿಂದಕ್ಕೆ ವಾಲಿಕೊಂಡು, ಓಡುತ್ತಾ ಎಸೆಯುವುದೇ ಅವನ ಛಾಪಾಯಿತು. ಹಾಗಾದರೆ ಟೆಡ್‌ಫೋರ್ಡ್ ಕಲಿಸಿದ್ದು ವ್ಯರ್ಥವಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಅಳತೆಯ ಹೆಜ್ಜೆ ಮೊದಲು ಮೈಯಲ್ಲಿ ಇಳಿದಿದ್ದರಿಂದಲೇ ಆಮೇಲೆ ಅಳತೆ ಮೀರಿಯೂ ಚೆಂಡು ಗುರಿ ಮುಟ್ಟುತ್ತಿತ್ತು.

ಮೊದಲ ಆಯ್ಕೆಯ ಅಲೆಕ್ಸ್ ಸ್ಮಿತ್‌ಗೆ ಇದರ ತದ್ವಿರುದ್ಧ. ಬಂದ ವರ್ಷವೇ ಮೈದಾನಕ್ಕಿಳಿದ. ವರ್ಷಕ್ಕೊಬ್ಬ ಹೊಸ ಆಕ್ರಮಣ ಕೋಚ್ ಬಂದು ಹೊಸ ಭಾಷೆ, ಹೊಸ ಹೆಜ್ಜೆ ಕಲಿಸಿ ಹೋಗುತ್ತಿದ್ದ. ಹಿಂದೆ ಸ್ವತಃ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜಿಮ್ ಹಾರ್ಬಾ 2011ರಲ್ಲಿ ಮುಖ್ಯ ಕೋಚ್ ಆಗಿ ಬಂದ ಮೇಲೆಯೇ ಅವನು ಚೇತರಿಸಿಕೊಂಡದ್ದು.

ಯೂಟಾದಲ್ಲಿ ಅಲೆಕ್ಸ್ ಸ್ಮಿತ್‌ನ ಕೋಚ್ ಆಗಿದ್ದ ಅರ್ಬನ್ ಮೇಯರ್ ಮುಂದೆ ಫ್ಲೋರಿಡಾದಲ್ಲಿ ಟಿಮ್ ಟೀಬೊನನ್ನು ಬೆಳೆಸಿದರು. 2007ರಲ್ಲಿ ಕಾಲೇಜು ಆಟಗಾರರ ಅತ್ಯುನ್ನತ ಗೌರವವಾದ ಹೈಸ್ಮನ್ ಪ್ರಶಸ್ತಿ, 2006 ಮತ್ತು 2008ರಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ. ಎಡಗೈಯ ಟೀಬೊ ಎಸೆಯುವ ಮುನ್ನ ಚೆಂಡನ್ನು ಸೊಂಟದವರೆಗೆ ಇಳಿಸಿ, ದೊಡ್ಡ ಸುತ್ತು ಹಾಕಿ ಮೇಲೆ ತರುತ್ತಿದ್ದ. ಶನಿವಾರಗಳಲ್ಲಿ ಅದರಿಂದ ನಷ್ಟವೇನೂ ಇರಲಿಲ್ಲ. ಅವನು ಓಡಿಯೇ ಎದುರಾಳಿಗಳನ್ನು ಮುರಿಯುತ್ತಿದ್ದ. ಗೆಲ್ಲುತ್ತಿರುವ ಹುಡುಗನ ತೋಳನ್ನು ಯಾವ ಕೋಚ್ ಬಿಚ್ಚಿ ಮತ್ತೆ ಜೋಡಿಸಲು ಹೋಗುತ್ತಾನೆ? ಕಾಲೇಜು ಕೋಚ್‌ಗೆ ಕೋಟಿಗಟ್ಟಲೆ ಸಂಬಳ ಬರುವುದು ಈ ವಾರ ಗೆಲ್ಲುವುದಕ್ಕೆ, ಹುಡುಗನ ಮುಂದಿನ ನೌಕರಿಗಲ್ಲ. 2010ರ ಡ್ರಾಫ್ಟ್‌ಗೆ ಮುಂಚೆ ಆ ಸುತ್ತನ್ನು ಕತ್ತರಿಸಲು ಟೀಬೊ ಬೆವರು ಸುರಿಸಿದ. ಆದರೆ ಪಂದ್ಯದ ಬಿಸಿಯಲ್ಲಿ ಹಳೆಯ ಕೈಯೇ ಮರಳಿ ಬರುತ್ತಿತ್ತು. 2011ರಲ್ಲಿ ಡೆನ್ವರ್ ಪರವಾಗಿ ಎಸೆದ ಚೆಂಡುಗಳಲ್ಲಿ ಶೇ 46.5 ಮಾತ್ರ ಗುರಿ ಮುಟ್ಟಿದವು.

ಮೈದಾನದ ಅಳತೆಯೂ ಇಲ್ಲಿ ಒಂದು ಪಾತ್ರ ವಹಿಸುತ್ತದೆ. ಆಟ ಆರಂಭಿಸುವ ಜಾಗ ಗುರುತಿಸುವ ಎರಡು ಸಾಲು ಗೀಟುಗಳ ನಡುವೆ ಕಾಲೇಜಿನಲ್ಲಿ 40 ಅಡಿ ಅಂತರ, ವೃತ್ತಿಪರ ಮೈದಾನದಲ್ಲಿ 18 ಅಡಿ 6 ಅಂಗುಲ. ಹೀಗಾಗಿ ಕಾಲೇಜಿನಲ್ಲಿ ಒಂದು ಬದಿ ತುಂಬಾ ಅಗಲ. ಆ ಬಯಲಲ್ಲಿ ಓಟಗಾರರನ್ನು ಹರಡಿ, ಸುಲಭದ ಎಸೆತಗಳನ್ನು ಕೋಚ್ ಸೃಷ್ಟಿಸಬಹುದು. ಅದೇ ಅಗಲದ ಇನ್ನೊಂದು ಮುಖವೂ ಉಂಟು: ದೂರದ ಗೀಟಿನಿಂದ ಆಚೆ ಬದಿಯ ಗೆರೆಯವರೆಗೆ ಚೆಂಡು ಚಪ್ಪಟೆಯಾಗಿ ಹೋಗುತ್ತದೆಯೇ ಎಂದು ಸ್ಕೌಟ್‌ಗಳು ಅಲ್ಲೇ ತೂಗಿ ನೋಡುತ್ತಾರೆ.

ಕೋಚ್ ಬದಲಾದರೆ ತೋಳು ಬದಲಾಗದೆಯೂ ಅಂಕಿ ಬದಲಾಗಬಹುದು ಎನ್ನುವುದಕ್ಕೆ ಲೂಸಿಯಾನ ಸ್ಟೇಟ್‌ನ ಜೋ ಬರೋ ಇದ್ದಾನೆ. 2018ರಲ್ಲಿ 16 ಟಚ್‌ಡೌನ್ ಎಸೆತ. ಮರುವರ್ಷ ಜೋ ಬ್ರೇಡಿ ಎಂಬ ಯುವ ಕೋಚ್ ಬಂದು ಎಸೆತದ ಯೋಜನೆಯನ್ನೇ ಹೊಸದಾಗಿ ಹೆಣೆದ ಮೇಲೆ 60. ಗುರಿ ಮುಟ್ಟಿದ್ದು ಶೇ 57.8ರಿಂದ 76.3ಕ್ಕೆ ಏರಿತು. 2020ರ ಡ್ರಾಫ್ಟ್‌ನಲ್ಲಿ ಅವನೇ ಮೊದಲಿಗ.

ಕಾಲೇಜು ಹುಡುಗರೊಂದಿಗೆ ಕೋಚ್‌ಗಳು ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ತಾಲೀಮು ನಡೆಸುವಂತಿಲ್ಲ ಎಂಬ ನಿಯಮವಿದೆ. ಅದರಲ್ಲಿ ಬಹುಪಾಲು ಎದುರಾಳಿಯ ಅಧ್ಯಯನಕ್ಕೇ ಹೋಗುತ್ತದೆ. ತೋಳು ತಿದ್ದಲು ಸಮಯ ಉಳಿಯದ ಕಡೆ ಖಾಸಗಿ ಗುರುಗಳ ದಂಧೆ ಹುಟ್ಟಿಕೊಂಡಿತು. ಇವರಲ್ಲಿ ಟಾಮ್ ಹೌಸ್ ವಿಚಿತ್ರ ಮನುಷ್ಯ. ಮೂಲತಃ ಬೇಸ್‌ಬಾಲ್ ಆಟದ ಎಸೆತಗಾರ, ಅಂದರೆ ಪಿಚರ್. ಮುಂದೆ ಎಸೆತವನ್ನು ಕ್ಯಾಮೆರಾಗಳಿಂದ ಅಳೆಯುವ ವಿದ್ಯೆಯನ್ನು ಡ್ರೂ ಬ್ರೀಸ್, ಟಾಮ್ ಬ್ರೇಡಿ ಅವರಂಥ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳಿಗೂ ಹೇಳಿಕೊಟ್ಟರು. ಶಾಲಾ ಹುಡುಗರಲ್ಲಿ ಉತ್ತಮರನ್ನು ಸೇರಿಸುವ ಎಲೀಟ್ 11 ಶಿಬಿರಕ್ಕೆ 2011ರಿಂದ ಹಲವು ವರ್ಷ ಮುಖ್ಯ ಗುರುವಾಗಿದ್ದವರು ಟೆಡ್‌ಫೋರ್ಡ್ ಶಿಷ್ಯ ಡಿಲ್ಫರ್.

ಈ ಹೊರಗಿನ ಗುರುಗಳಿಂದ ಆದ ದೊಡ್ಡ ಲಾಭ ಜಾಶ್ ಆಲನ್‌ನಲ್ಲಿ ಕಾಣುತ್ತದೆ. ಫೈರ್‌ಬಾ ಎಂಬ ಸಣ್ಣ ಊರಿನ ರೈತರ ಮಗ. ರೀಡ್ಲಿ ಸಮುದಾಯ ಕಾಲೇಜು ದಾಟಿ ವಯೋಮಿಂಗ್ ಸೇರಿದ. ತೋಳು ಅಸಾಧಾರಣ, ಗುರಿ ಸಾಧಾರಣ. 2018ರಲ್ಲಿ ಬಫಲೊ ಅವನನ್ನು ಏಳನೆಯವನಾಗಿ ಕರೆದಾಗ ಅನೇಕರು ನಕ್ಕರು. ಮೊದಲ ವರ್ಷ ಶೇ 52.8 ಎಸೆತಗಳಷ್ಟೇ ಗುರಿ ಮುಟ್ಟಿದ್ದು ನಗುವಿಗೆ ಕಾರಣವನ್ನೂ ಕೊಟ್ಟಿತು. ಬೇಸಿಗೆ ರಜೆಗಳಲ್ಲಿ ಜಾರ್ಡನ್ ಪಾಮರ್ ಎಂಬ ಮಾಜಿ ಆಟಗಾರನೊಂದಿಗೆ ಕೂತು ಎಸೆತವನ್ನು ಬಿಡಿಸಿ ನೋಡಿದ. ತೋಳಿನ ಬಲವನ್ನೇ ನಂಬಿದ್ದವನು ಸೊಂಟವನ್ನು ಮೊದಲು ಹೊರಡಿಸಲು ಕಲಿತ. ತಂಡವೂ ಅವನನ್ನು ಕೈಬಿಡಲಿಲ್ಲ, ಆಕ್ರಮಣ ಕೋಚ್ ಬ್ರಯಾನ್ ಡೇಬಲ್ ನಾಲ್ಕು ವರ್ಷ ಜೊತೆಗಿದ್ದರು. 2020ರಲ್ಲಿ ಶೇ 69.2. 2024ರ ಋತುವಿನಲ್ಲಿ ಲೀಗಿನ ಶ್ರೇಷ್ಠ ಆಟಗಾರ. ಗುರಿ ಎನ್ನುವುದು ಹುಟ್ಟುಗುಣ, ಕಲಿಸಲಾಗದು ಎಂದು ಸ್ಕೌಟ್‌ಗಳು ಬಲವಾಗಿ ನಂಬಿದ್ದರು. ಈಗ ಪ್ರತಿ ವಸಂತದಲ್ಲೂ ಗುರಿ ಕೂಡದ, ತೋಳು ಮಾತ್ರ ಬಲವಾದ ಯಾರೋ ಒಬ್ಬ ಹುಡುಗನನ್ನು ತೋರಿಸಿ ಅವನೇ ಮುಂದಿನ ಆಲನ್ ಎನ್ನುತ್ತಾರೆ, ತಂಡಗಳೂ ದುಡ್ಡು ಸುರಿಯುತ್ತವೆ.