ಅಮ್ಮನನ್ನು ಒಮ್ಮೆ ಕೇಳಿ ನೋಡಿ

ಪ್ರೀತಿಯ ಮಕ್ಕಳೇ,

ಹೀಗೆ ಕರೆದದ್ದಕ್ಕೆ ಬೇಸರಿಸಬೇಡಿ. ನಿಮ್ಮಲ್ಲಿ ಹಲವರು ಕಾಲೇಜು ಮುಗಿಸಿ ಕೆಲಸಕ್ಕೂ ಸೇರಿದ್ದೀರೆಂದು ಬಲ್ಲೆ. ಆದರೆ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ನೀವು ವೇಷ ಹಾಕಿಕೊಂಡು, ಮಾತು ಮರೆತು, ವೇದಿಕೆಯ ಮೇಲೆ ಅತ್ತದ್ದನ್ನು ಕಂಡ ನನ್ನಂಥವಳಿಗೆ ನೀವು ಯಾವತ್ತಿದ್ದರೂ ಮಕ್ಕಳೇ.

ಈ ಸಲದ ಮಹಿಳಾ ದಿನಾಚರಣೆಗೆ ನಮ್ಮ ಮಹಿಳಾ ವಿಭಾಗದವರು ನನಗೊಂದು ಕೆಲಸ ಒಪ್ಪಿಸಿದ್ದರು. ಸದಸ್ಯೆಯರ ಮನೆಗಳಿಗೆ ಹೋಗಿ, "ನಿಮಗೆ ಅತ್ಯಂತ ಹೆಮ್ಮೆಯೆನಿಸಿದ ನಿಮ್ಮ ಸಾಧನೆ ಯಾವುದು?" ಎಂದು ಕೇಳಿ ಬರೆದುಕೊಂಡು ಬರಬೇಕು. ಸುಲಭದ ಕೆಲಸವೆಂದುಕೊಂಡು ನೋಟ್‌ಬುಕ್ಕು ಹಿಡಿದು ಹೊರಟೆ. ಹನ್ನೆರಡು ಮನೆಗಳಲ್ಲಿ ಕಾಫಿ ಕುಡಿದೆ. ಹನ್ನೊಂದು ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಉತ್ತರ: "ಅಯ್ಯೋ, ನಂದೇನ್ರೀ ಸಾಧನೆ! ಮಗ ಇಂಜಿನಿಯರಾದ, ಮಗಳಿಗೆ ಒಳ್ಳೇ ಮನೆ ಸಿಕ್ತು, ಅಷ್ಟೇ." ಹನ್ನೆರಡನೆಯವರು ಗಂಡನ ಕಡೆ ತಿರುಗಿ, "ನೀವೇ ಹೇಳ್ರೀ" ಎಂದರು!

ಅಷ್ಟಕ್ಕೇ ಎದ್ದು ಬಂದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. "ಅದು ಮಕ್ಕಳದಾಯಿತು, ನಿಮ್ಮದು?" ಎಂದು ಮತ್ತೆ ಕೇಳಿ ಸುಮ್ಮನೆ ಕುಳಿತೆ. ಆಗ ಬಂದ ಉತ್ತರಗಳಲ್ಲಿ ಎರಡನ್ನು ನಿಮಗೆ ಹೇಳಬೇಕು.

ಒಬ್ಬರು ಡೊಂಬಿವಲಿಯ ಹಿರಿಯರು, ಗದಗಿನ ಕಡೆಯವರು. ಓದಿದ್ದು ಕನ್ನಡದಲ್ಲಿ ನಾಲ್ಕನೇ ಇಯತ್ತೆ. ಮದುವೆಯಾಗಿ ಬಂದು ಎಷ್ಟೋ ವರ್ಷವಾದರೂ ಒಬ್ಬರೇ ಲೋಕಲ್ ಗಾಡಿ ಹತ್ತಿದವರಲ್ಲ. 1988ರಲ್ಲಿ ಯಜಮಾನರು ಮೂರು ತಿಂಗಳು ಪರೇಲಿನ ಆಸ್ಪತ್ರೆಯಲ್ಲಿರಬೇಕಾಯಿತು. ದಿನವೂ ಊಟದ ಡಬ್ಬಿ ಒಯ್ಯುವವರು ಯಾರು? ಇವರೇ ಹೊರಟರು. ಮೊದಲ ದಿನ ದಾದರಿನಲ್ಲಿ ಇಳಿಯಬೇಕಾದವರು ಗೊತ್ತಾಗದೆ ಭಾಯಖಳಾಕ್ಕೆ ಹೋಗಿ ಇಳಿದರು.

"ಮರುದಿನದಿಂದ ಗಾಡಿ ನಿಂತಾಗೊಮ್ಮೆ ಹಲಗಿ ನೋಡಾಕ ಚಾಲೂ ಮಾಡಿದೆ. ಡೊಂಬಿವಲಿಯೊಳಗ 'ಡ' ಸಿಕ್ತು, ಠಾಣೆದಾಗ 'ಠ', ಕುರ್ಲಾದಾಗ 'ಕ', ದಾದರದಾಗ ಎರಡ ಸಲ 'ದ'! ಮೂರ ತಿಂಗಳದಾಗ ಅಂಗಡಿ ಬೋರ್ಡೂ ಓದಾಕತ್ತಿದೆ ನೋಡವಾ." ಯಜಮಾನರು ಗುಣವಾಗಿ ಮನೆಗೆ ಬಂದ ಮೇಲೆ, "ನಿನಗ ಮರಾಠಿ ಓದಾಕ ಯಾರ ಕಲಿಸಿದ್ರು?" ಎಂದು ಕೇಳಿದರಂತೆ. "ರೈಲ್ವೇದವ್ರು" ಎಂದರಂತೆ ಇವರು!

ಇನ್ನೊಬ್ಬರು ಮಾಟುಂಗಾದವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಇವರು ಬಡ್ತಿಯ ವಿಷಯ ಹೇಳುತ್ತಾರೆಂದು ಪೆನ್ನು ತೆಗೆದರೆ, ಅವರು ಹೇಳಿದ್ದು 27 ರೂಪಾಯಿಯ ಕತೆ. ಕಂಪ್ಯೂಟರು ಬರುವ ಮುಂಚಿನ ಮಾತು. ಲೆಡ್ಜರುಗಳನ್ನು ಕೈಯಿಂದಲೇ ಕೂಡಿ ತಾಳೆ ನೋಡಬೇಕು. ಒಮ್ಮೆ 27 ರೂಪಾಯಿ ವ್ಯತ್ಯಾಸ ಬಂತು. ಹಿರಿಯ ಗುಮಾಸ್ತರು ಮೂರು ಸಂಜೆ ಹುಡುಕಿ ಸೋತರು. ಕೆಲಸಕ್ಕೆ ಸೇರಿ ಆಗಷ್ಟೇ ವರ್ಷವಾಗಿದ್ದ ಇವರು ಅಂಜುತ್ತಲೇ, "ಸಾರ್, 27 ಒಂಬತ್ತರಿಂದ ಭಾಗವಾಗುತ್ತದೆ. ಯಾರೋ ಅಂಕಿ ಹಿಂದುಮುಂದು ಬರೆದಿರಬೇಕು" ಎಂದರು.

ನೀವೂ ಲೆಕ್ಕ ಮಾಡಿ ನೋಡಿ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. 27 ಬರಬೇಕಾದರೆ ಆ ಎರಡು ಅಂಕಿಗಳ ಅಂತರ ಮೂರಾಗಿರಬೇಕು: 41ಕ್ಕೆ 14, 52ಕ್ಕೆ 25, ಹೀಗೆ. ಅಂಥವನ್ನಷ್ಟೇ ಹುಡುಕುತ್ತಾ ಹೋದರು. ಒಂದು ಖಾತೆಯಲ್ಲಿ 85 ಇರಬೇಕಾದಲ್ಲಿ 58 ಕುಳಿತಿತ್ತು! "ಆಮೇಲೆ ಯಾರೂ ನನ್ನನ್ನು 'ಏ ಹುಡುಗಿ' ಅನ್ನಲಿಲ್ಲ" ಎಂದರು. ಪಕ್ಕದಲ್ಲೇ ಪೇಪರು ಓದುತ್ತಿದ್ದ ಗಂಡ ತಲೆಯೆತ್ತಿ, "ಇದನ್ನು ನನಗೆ ಹೇಳಿಯೇ ಇಲ್ಲವಲ್ಲ!" ಎಂದರು. "ನೀವು ಕೇಳಿಯೇ ಇಲ್ಲ" ಎಂದರು ಇವರು.

ಹೆಸರಾದವರ ಸಾಧನೆಗಳನ್ನು ಕಾಪಾಡಲು ಪುಸ್ತಕಗಳಿವೆ. ಬೆಂಗಳೂರಿನ ಶಕುಂತಲಾದೇವಿ 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಇದೇ ಮುಂಬಯಿಯ ಷೇರುಪೇಟೆಗೆ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದವರು. 1986ರಲ್ಲಿ ತಮ್ಮ ಆತ್ಮಕಥನವನ್ನೂ ಪ್ರಕಟಿಸಿದರು. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಪೇಡೆ ಹಂಚಿದೆವು. ಆದರೆ ರೈಲಿನ ಹಲಗೆಯಿಂದ ಅಕ್ಷರ ಕಲಿತದ್ದನ್ನು ಯಾವ ಪುಸ್ತಕ ಬರೆದಿಟ್ಟುಕೊಳ್ಳುತ್ತದೆ? ಮನೆಯವರೇ ಕೇಳಿ ತಿಳಿದುಕೊಳ್ಳಬೇಕು.

ಉಪದೇಶ ಮಾಡುವ ನಾನು ಕೇಳಿದ್ದೇನೆಯೇ? ಇಲ್ಲ. ನನ್ನ ಅವ್ವ 2011ರಲ್ಲಿ ಧಾರವಾಡದಲ್ಲಿ ತೀರಿಕೊಂಡಳು. ಅವಳ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಒಂದು ಕಾಗದವಿತ್ತು. ಹಿಂದಿ ಪ್ರಚಾರ ಸಭೆಯ 'ರಾಷ್ಟ್ರಭಾಷಾ' ಪರೀಕ್ಷೆಯ ಪ್ರಮಾಣಪತ್ರ, 1976, ಪ್ರಥಮ ಶ್ರೇಣಿ. ಆಗ ನನಗೆ ಆರು ವರ್ಷ. ಮಧ್ಯಾಹ್ನ ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು, "ಗುಡಿಗೆ ಹೋಗಿ ಬರ್ತೇನಿ" ಎಂದು ಅವಳು ಹೋಗುತ್ತಿದ್ದದ್ದು ನೆನಪಿದೆ. ಗುಡಿ ಮಧ್ಯಾಹ್ನ ಮುಚ್ಚಿರುತ್ತದೆಂದು ನನಗೆ ಆಗ ಹೊಳೆಯಲಿಲ್ಲ. ಸೊಸೆ ಪುಸ್ತಕ ಹಿಡಿಯುವುದು ನಮ್ಮ ಅಜ್ಜಿಗೆ ಸೇರುತ್ತಿರಲಿಲ್ಲ.

ನನ್ನ ಬಿ.ಎ. ಮುಗಿದು ಅಂಕಪಟ್ಟಿ ಬಂದಾಗ ಅವ್ವ ಅದನ್ನು ಎರಡು ಸಲ ಓದಿ, ಸೆರಗಿನಿಂದ ಒರೆಸಿ ಕೊಟ್ಟಳು. "ನಿನಗೇನ ತಿಳೀತದವ್ವಾ ಇದರಾಗ" ಎಂದು ನಾನು ನಕ್ಕಿದ್ದೆ. ಅವಳು ಏನೂ ಹೇಳಲಿಲ್ಲ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ನನ್ನ ಸರದಿಯೂ ಬಂತು. ಮಗಳು ಯಾವುದೋ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂಬಲ್ಲಿ 'ಇಲ್ಲ' ಎಂದು ಬರೆದಳು. ತಪ್ಪೇನಿಲ್ಲ, ಸಂಬಳದ ಕೆಲಸ ನಾನು ಮಾಡಿದವಳಲ್ಲ. ಆದರೆ ನಮ್ಮ ಕಟ್ಟಡದ ಒಬ್ಬ ಹೆಂಗಸಿನ ಗಂಡ ತೀರಿಕೊಂಡಾಗ, ಒಂದು ಕಚೇರಿ ಕುಟುಂಬ ಪಿಂಚಣಿಗಾಗಿ ಆಕೆಯನ್ನು ಎರಡು ವರ್ಷ ಅಲೆಸಿತ್ತು. ಆಕೆಯ ಪರವಾಗಿ ಹನ್ನೊಂದು ಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆದವಳು ನಾನು. ಹನ್ನೊಂದನೆಯದಕ್ಕೆ ಹಣ ಬಂತು. ನನ್ನ ಬಿ.ಎ. ಆ ದಿನ ಸಾರ್ಥಕವಾಯಿತು. ಇದನ್ನು ಮಗಳಿಗೆ ನಾನೂ ಹೇಳಿರಲಿಲ್ಲ, ಮೊನ್ನೆ ಹೇಳಿದೆ. "ಆ ಪತ್ರಗಳ ಪ್ರತಿ ಇದೆಯಾ ಅಮ್ಮಾ?" ಎಂದಳು. ಕಪಾಟಿನಿಂದ ತೆಗೆದುಕೊಟ್ಟೆ. ಊಟಕ್ಕೆ ಕರೆದರೂ ಬಾರದೆ ಓದುತ್ತಾ ಕುಳಿತಿದ್ದಳು.

ಆದ್ದರಿಂದ ಮಕ್ಕಳೇ, ಈ ಭಾನುವಾರ ಮೊಬೈಲು ಬದಿಗಿಟ್ಟು ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ. ಅವರು ಮಾತಾಡುವ ಭಾಷೆಯಲ್ಲೇ ಕೇಳಿ. ಮೊದಲ ಉತ್ತರದಲ್ಲಿ ನಿಮ್ಮ ಹೆಸರೇ ಬರುತ್ತದೆ. ಅದಕ್ಕೆ ಹಿಗ್ಗಿ ಎದ್ದು ಹೋಗಬೇಡಿ. "ಅದು ನನ್ನದಾಯಿತು, ನಿನ್ನದು?" ಎಂದು ಇನ್ನೊಮ್ಮೆ ಕೇಳಿ. ಹೇಳಿದ್ದನ್ನು ಇಸವಿ ಸಮೇತ ಬರೆದಿಡಿ. ಕನ್ನಡ ಬರೆಯಲು ಬಾರದಿದ್ದರೆ ಬಂದ ಲಿಪಿಯಲ್ಲಿ ಬರೆಯಿರಿ, ತಿದ್ದಿಕೊಡಲು ನಾವಿದ್ದೇವೆ.

ನಿಮ್ಮಲ್ಲಿ ಕೆಲವರು ಕನ್ನಡ ಓದಲು ಬಾರದೆ ಈ ಲೇಖನವನ್ನು ಅಮ್ಮನಿಂದಲೇ ಓದಿಸಿಕೊಳ್ಳುತ್ತಿರಬಹುದು. ಹಾಗಿದ್ದರೆ ಭಾನುವಾರದವರೆಗೂ ಏಕೆ ಕಾಯಬೇಕು? ಅಮ್ಮ ಪಕ್ಕದಲ್ಲೇ ಇದ್ದಾರಲ್ಲ!